ಹುಲಿಗೆಮ್ಮನ ಕಿವಿಪಾಳಿ

ಗುಡ್ಡದ ಬುಡದಲ್ಲಿ ಅಂಗಡಿ ಹಾಕಬೇಡ ಎಂದು ನಮ್ಮಪ್ಪ ಬಡಕೊಂಡಿದ್ದ. ನಾನು ಕೇಳಲಿಲ್ಲ. ಬೇವಿನ ನೆರಳಿತ್ತು, ಕೂರಲು ಚಪ್ಪಡಿಯಿತ್ತು, ಚಪ್ಪಲಿ ಹೊಲಿಯುವವನಿಗೆ ಇನ್ನೇನು ಬೇಕು. ತಪ್ಪು ಆಮೇಲೆ ಗೊತ್ತಾಯಿತು. ನಮ್ಮೂರಿನ ಒಂದು ದಿನದ ಸದ್ದೆಲ್ಲ ಹನ್ನೆರಡು ವರ್ಷ ಊರಲ್ಲೇ ಎಲ್ಲೋ ಬಿದ್ದುಕೊಂಡಿರುತ್ತದೆ. ಹನ್ನೆರಡು ತುಂಬಿದ ದಿನ, ಹೊತ್ತು ಮೂಡುವಾಗ, ನನ್ನ ಅಂಗಡಿಯ ಹಿಂದಿರುವ ಜೋಡಿ ಗುಂಡುಗಲ್ಲಿನ ಸಂದಿಯಿಂದ ಗುಡ್ಡದ ಕಾಲುದಾರಿ ಹಿಡಿದು ಹೊರಡುತ್ತದೆ. ಏಳು ಮೈಲಿ ಗುಡ್ಡ ಸುತ್ತಿ, ಆಚೆಗಿನ ಕೊರಕಲಿಗೆ ಬಿದ್ದು ಹೋಗುತ್ತದೆ. ಹೋದದ್ದು ಹೋಯಿತು, ಮತ್ತೆ ಬರುವುದಿಲ್ಲ. ಆದರೆ ದಪ್ಪ ಸದ್ದಿಗೆ ಅಷ್ಟು ದೂರ ಹೋಗುವ ತಾಕತ್ತಿಲ್ಲ. ಲಾರಿಯ ಹಾರನ್ನು, ಮೈಕು, ಗಂಡಸರ ಬೈಗುಳ, ಎಲ್ಲ ಮೊದಲ ಮೈಲಿಯೊಳಗೇ ಉದುರುತ್ತವೆ. ಅಂದರೆ ನನ್ನ ತಲೆಯ ಮೇಲೆ. ಮೂವತ್ತು ವರ್ಷ ನಾನು ಈ ಊರಿನ ಜಗಳಗಳನ್ನು ಎರಡೆರಡು ಸಲ ಕೇಳಿದ್ದೇನೆ. ಒಮ್ಮೆ ಬೀದಿಯಲ್ಲಿ, ಒಮ್ಮೆ ಬೇವಿನ ಕೆಳಗೆ.

ಮೆಲ್ಲಗಿನವು ಮಾತ್ರ ದೂರ ಹೋಗುತ್ತವೆ. ಹೆಂಗಸರ ಪಿಸುಮಾತು ನಾಲ್ಕು ಮೈಲಿ. ಎಳೆಗೂಸಿನ ತೊದಲು ಏಳನೇ ಮೈಲಿಯವರೆಗೆ. ಅದನ್ನು ಕೇಳಬೇಕೆಂದರೆ ಜೊತೆಗೇ ಓಡಬೇಕು. ನಡೆದರೆ ಅದು ಬಿಟ್ಟು ಹೋಗುತ್ತದೆ, ಕಾದು ನಿಂತರೆ ಕಿವಿಯ ಪಕ್ಕದಿಂದ ಸೊಳ್ಳೆಯ ಹಾಗೆ ಹಾದುಹೋಗುತ್ತದೆ.

ಮೊದಲು ಓಡಿದವಳು ಮಾಬೂಬಿ. ನಾಲ್ಕು ಮಕ್ಕಳ ತಾಯಿ, ಬಸ್ ಸ್ಟ್ಯಾಂಡಿನಲ್ಲಿ ಬಳೆ ಅಂಗಡಿ. ದೊಡ್ಡ ಮಗನ ಮೂಗಿನ ಕೆಳಗೆ ಮೀಸೆ ಮೂಡಿದ ವರ್ಷ, ಅವನು ಮನೆಯಲ್ಲಿ ಹ್ಞೂಂ ಊಹ್ಞೂಂ ಬಿಟ್ಟು ಬೇರೆ ಮಾತಾಡದ ವರ್ಷ, ಒಂದು ಬೆಳಿಗ್ಗೆ ಚೂಡಿದಾರದ ಕೆಳಗೆ ಅದೇ ಮಗನ ಹಳೆಯ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಸಂದಿಯೊಳಗೆ ನುಗ್ಗಿದಳು. ಎರಡು ತಾಸಿನ ಮೇಲೆ ಆಚೆ ಬದಿಯಿಂದ ಇಳಿದು ಬಂದಾಗ ಮುಖ ಕೆಂಪಗಿತ್ತು, ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ. ಅವಳ ಹಿಂದೆ ಒಬ್ಬೊಬ್ಬರೇ ಹೆಂಗಸರು ಬಂದರು. ಚಹದಂಗಡಿಯ ಗಂಡಸರಿಗೆ ಹಬ್ಬವಾಯಿತು.

"ಏನ್ ಮಾಬೂಬಿ, ಕಪ್ಪು ಗೆದ್ಕೊಂಡು ಬರಾಕ ಹೊಂಟೀರೇನು?" ಎಂದು ಒಬ್ಬ ಕೇಳಿದ.

"ಕಪ್ಪು ನಿನಗ ಬೇಕು, ತೊಳ್ಯಾಕ," ಎಂದಳು ಅವಳು. "ನಾವು ಹನ್ನೆರಡು ವರ್ಷದ ಹಿಂದ ನೀ ಹೆಂಗ ಗುಟ್ಟಾಗಿ ಅಳ್ತಿದ್ದಿ ಅಂತ ಕೇಳಾಕ ಹೊಂಟೀವಿ."

ಇವರಿಗೆಲ್ಲ ಚಪ್ಪಲಿ ನನ್ನದೇ. ಯಾರೋ ಪೇಟೆಯಿಂದ ಬಣ್ಣದ ಬೂಟು ತಂದಿದ್ದರು, ಗುಡ್ಡದ ಕಲ್ಲುಹಾಸು ಹದಿನೈದೇ ದಿನದಲ್ಲಿ ಅದರ ಅಡಿ ತಿಂದು ಹಾಕಿತು. ನಾನು ಹಳೆಯ ಟೈರು ಕೊಯ್ದು, ಹಿಮ್ಮಡಿಗೆ ಪಟ್ಟಿ ಕೊಟ್ಟು ಹೊಲಿದೆ. ಒಂದು ವರ್ಷ ಬಾಳುತ್ತದೆ. ನೀರು ಹೊರುವ ಹೆಂಗಸಿನ ಚಪ್ಪಲಿ ಹಿಮ್ಮಡಿಯ ಹತ್ತಿರ ಸವೆಯುತ್ತದೆ. ಓಡಲು ಹತ್ತಿದ ಮೇಲೆ ಹೆಬ್ಬೆರಳ ಹತ್ತಿರ ಸವೆಯುತ್ತದೆ. ಚಪ್ಪಲಿ ನೋಡಿಯೇ ಯಾರು ಯಾವ ತಿಂಗಳಿಂದ ಹೊರಟಿದ್ದಾರೆ ಎಂದು ನಾನು ಹೇಳಬಲ್ಲೆ.

ಹುಲಿಗೆಮ್ಮನದು ಹಿಮ್ಮಡಿ ಪೂರಾ ಸವೆದ ಚಪ್ಪಲಿ. ಮೂವತ್ತೈದರ ಆಸುಪಾಸಿನ ಹೆಂಗಸು, ಹತ್ತಿ ಮಿಲ್ಲಿನಲ್ಲಿ ಕೂಲಿ. ಗಂಡ ಲಾರಿ ಓಡಿಸುತ್ತಾನೆ, ತಿಂಗಳಿಗೆ ಎರಡು ಸಲ ಮನೆಗೆ ಬಂದು ನಿದ್ದೆ ಮಾಡಿ ಹೋಗುತ್ತಾನೆ, ಅವನ ವಿಷಯ ಅಷ್ಟು ಸಾಕು. ಮನೆಯಲ್ಲಿ ಅತ್ತೆ ಸಂಕಮ್ಮ, ಏಳನೇ ಕ್ಲಾಸಿನ ಮಗಳು ಭೂಮಿಕಾ. ಕೂಸಿಗೆ ಮೂರು ತಿಂಗಳಾದಾಗ ಹುಲಿಗೆಮ್ಮ ಮಿಲ್ಲಿಗೆ ಹೋಗಬೇಕಾಯಿತು. ಕೂಸನ್ನು ಸಾಕಿದವಳು ಸಂಕಮ್ಮ. ಉಣಿಸಿದ್ದು, ಎರೆದದ್ದು, ಮಲಗಿಸಿದ್ದು ಅವಳೇ. ಹೀಗಾಗಿ ಹುಡುಗಿ ಅಜ್ಜಿಯನ್ನು ಅವ್ವ ಅನ್ನುತ್ತಿದ್ದಳು. ಹೆತ್ತವಳನ್ನು ಏನೂ ಅನ್ನುತ್ತಿರಲಿಲ್ಲ. ಬೈಯುತ್ತಿರಲಿಲ್ಲ, ಅಗೌರವವೂ ಇರಲಿಲ್ಲ. ಕರೆಯುತ್ತಿರಲಿಲ್ಲ, ಅಷ್ಟೇ. "ಊಟಕ್ಕ ಆಗೈತಂತ" ಎಂದು ಗೋಡೆಗೆ ಹೇಳಿದ ಹಾಗೆ ಹೇಳಿ ಹೋಗುತ್ತಿದ್ದಳು. ಒಂದು ಮನೆಯಲ್ಲಿ ಹದಿಮೂರು ವರ್ಷ ಹೆಸರಿಲ್ಲದೆ ಓಡಾಡುವುದು ಹೇಗಿರುತ್ತದೋ ನನಗೆ ಗೊತ್ತಿಲ್ಲ. ನಾನು ಗಂಡಸು, ನನ್ನನ್ನು ಎಲ್ಲರೂ ಕೂಗುತ್ತಾರೆ.

ಸಂಕಮ್ಮ ಕೆಟ್ಟವಳೆಂದು ನಾನು ಹೇಳುವುದಿಲ್ಲ. ಬಾಯಿ ದೊಡ್ಡದು. ಅವಳ ದನಿ ಊರಿಗೇ ಗೊತ್ತು, ಹನ್ನೆರಡು ವರ್ಷದ ಹಿಂದಿನದು ಇಂದಿಗೂ ನನ್ನ ಬೇವಿನ ಕೆಳಗೆ ದಬದಬ ಬೀಳುತ್ತದೆ. ಅವಳು ಸೊಸೆಗೆ ಚುಚ್ಚುತ್ತಿದ್ದ ಒಂದು ಮಾತಿತ್ತು. "ಕೂಸು ಮೊದಲು ಬಾಯಿ ತಗದಿದ್ದ ಅವ್ವ ಅಂತ. ಅದೂ ನನಗ. ನೀ ಮಿಲ್ಲಿನ್ಯಾಗಿದ್ದಿ." ನೀರು ತುಂಬುವಾಗ, ರೊಟ್ಟಿ ಬಡಿಯುವಾಗ, ಬಂದವರ ಮುಂದೆ, ಇದೇ ಮಾತು. ಹುಲಿಗೆಮ್ಮ ಎದುರಾಡಿದವಳಲ್ಲ. ಆದರೆ ಆ ಮಾತು ಅವಳೊಳಗೆ ಕೂತುಬಿಟ್ಟಿತ್ತು. ಹನ್ನೆರಡು ವರ್ಷ ತುಂಬುತ್ತ ಬಂದಂತೆ ಎದ್ದು ಓಡಾಡತೊಡಗಿತು.

ಒಂದು ದಿನ ಚಪ್ಪಲಿ ಹಿಡಿದು ಬಂದಳು. "ಕಾಕಾ, ಮಾಬೂಬಿಗೆ ಮಾಡಿಕೊಟ್ಟಂಥದ್ದು ನನಗೊಂದು ಜೋಡಿ."

"ಯಾಕವಾ, ನೀನೂ ಹೊಂಟೇನು?"

"ನನ್ನ ಮಗಳು ಅವ್ವ ಅಂದಿದ್ದು ಕೇಳಬೇಕು. ಯಾರಿಗರ ಅಂದಿರಲಿ. ಒಂದ್ಸಲ ಕೇಳಬೇಕು." ಇಷ್ಟು ಹೇಳಿ ನೆಲ ನೋಡುತ್ತ ನಿಂತಳು. ನಾನು ಕಾಲಿನ ಅಳತೆ ತೆಗೆದುಕೊಂಡೆ.

ಮೊದಲ ದಿನ ಅರ್ಧ ಮೈಲಿಗೇ ಸೀತಾಫಲದ ಗಿಡ ಹಿಡಿದುಕೊಂಡು ವಾಂತಿ ಮಾಡಿದಳು. ಮಾಬೂಬಿ ತನ್ನ ದುಪಟ್ಟಾದಿಂದ ಅವಳ ಬಾಯಿ ಒರೆಸಿ, "ವಾಂತಿ ಆತಲ್ಲ, ಇನ್ನ ನೀ ನಮ್ಮಾಕಿ" ಎಂದಳಂತೆ. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಕಾಶಮ್ಮ ಮೈಯಲ್ಲಿ ದಪ್ಪ, ಉಸಿರಿನಲ್ಲಿ ಗಟ್ಟಿ. ಅವಳು ಹುಲಿಗೆಮ್ಮನ ಸೀರೆಯನ್ನು ಕಚ್ಚೆ ಹಾಕಿ ಬಿಗಿದು ಕಟ್ಟಿದಳು. "ಏರಿನ್ಯಾಗ ತಲಿ ಎತ್ತಬ್ಯಾಡ, ಇಳಿಜಾರಿನ್ಯಾಗ ತಲಿ ತಗ್ಗಿಸಬ್ಯಾಡ. ಇಷ್ಟ ವಿದ್ಯಾ," ಎಂದಳು. ಎರಡು ತಿಂಗಳಲ್ಲಿ ಹುಲಿಗೆಮ್ಮ ಮೂರು ಮೈಲಿ ಹೋದಳು, ಆರು ತಿಂಗಳಲ್ಲಿ ಐದು. ಏಳು ಮುಟ್ಟಿದ ದಿನ ಬಂದು ನನ್ನ ಚಪ್ಪಡಿಯ ಮೇಲೆ ಕೂತು, ಎರಡು ಚೊಂಬು ನೀರು ಕುಡಿದು, "ಕಾಕಾ, ಅಲ್ಲಿ ಬರೇ ಕೂಸುಗಳು" ಎಂದಳು. "ಊರಾಗಿನ ಎಲ್ಲಾ ಉದುರಿ ಹೋಗಿರ್ತೈತಿ. ಏಳೆಂಟು ಕೂಸುಗಳ ದನಿ ಅಷ್ಟ, ಹೊತಗೊಂಡು ಓಡಿದಂಗ ಅನಸ್ತೈತಿ."

ಮೊದಮೊದಲು ಈ ಹೆಂಗಸರಲ್ಲೂ ಹೊಟ್ಟೆಕಿಚ್ಚು ಇತ್ತು. ತಮ್ಮ ಕೂಸಿನದು ಬಿಟ್ಟು ಬೇರೆಯವರ ಕೂಸಿನ ಸದ್ದು ಬಂದರೆ ಮುಖ ತಿರುವುತ್ತಿದ್ದರು. ಆಮೇಲೆ ಮೈ ಹುಷಾರಿಲ್ಲದ ದಿನ, ಬಂಧುಗಳು ಬಂದ ದಿನ, ಒಬ್ಬೊಬ್ಬರಿಗೂ ತಪ್ಪತೊಡಗಿತು. ತಪ್ಪಿದ್ದು ತಿರುಗಿ ಬರುವುದಿಲ್ಲವಲ್ಲ. ಆಗ ಪಾಳಿ ಕಟ್ಟಿಕೊಂಡರು. ಹೊಲಕ್ಕೆ ನೀರು ಬಿಡುವ ಪಾಳಿಯ ಹಾಗೆ ಇದು ಕಿವಿಪಾಳಿ. ಬರಲಾಗದವಳು ಹಿಂದಿನ ದಿನವೇ ಹೇಳಬೇಕು, "ನಾಳೆ ನಂದು ನೀ ಕೇಳು" ಎಂದು. ಒಪ್ಪಿಕೊಂಡವಳು ಸತ್ತರೂ ತಪ್ಪಿಸುವ ಹಾಗಿಲ್ಲ. ಕೇಳಿದ್ದನ್ನು ಹಾಗೆಯೇ ಬಂದು ಆಡಿ ತೋರಿಸಬೇಕು, ಒಂದು ಅಕ್ಷರ ಕೂಡಿಸಬಾರದು, ಬಿಡಬಾರದು. ಮಾಬೂಬಿ ಯಾರದೋ ಕೂಸಿನ ಹಾಗೆ ಕೆಮ್ಮಿ ತೋರಿಸುವುದನ್ನೂ, ಆ ತಾಯಿ ಬಾಯಿಗೆ ಸೆರಗು ಒತ್ತಿಕೊಂಡು ಕೇಳುವುದನ್ನೂ ನಾನು ಕಣ್ಣಾರೆ ಕಂಡಿದ್ದೇನೆ.

ನಾನೂ ಒಮ್ಮೆ ಪಾಳಿ ಕೇಳಿದೆ. ನನ್ನ ಹೆಂಡತಿ ಹೋಗಿ ಒಂಬತ್ತು ವರ್ಷ. ಅದಕ್ಕೂ ಮೂರು ವರ್ಷ ಮುಂಚೆ ಒಂದು ದಿನ ಅವಳನ್ನು ಬಾಯಿಗೆ ಬಂದಂತೆ ಬೈದಿದ್ದೆ, ಸಾರಿಗೆ ಉಪ್ಪು ಹೆಚ್ಚಾಯಿತೆಂದು. ಆ ಬೈಗುಳ ಬೇವಿನ ಕೆಳಗೆ ನನ್ನ ಮೇಲೆಯೇ ಬಿತ್ತು, ಪೂರಾ ಕೇಳಿದೆ. ಅವಳು ಏನಂದಳೋ ಅದು ಮೆಲ್ಲಗಿನದು, ಮೇಲೆ ಹೋಗಿಬಿಟ್ಟಿತ್ತು. ನನ್ನ ಮೊಣಕಾಲು ಓಡುವಂಥದ್ದಲ್ಲ. ಹಿಂದಿನ ದಿನವೇ ಮಾಬೂಬಿಗೆ ಹೇಳಿಟ್ಟಿದ್ದೆ. ಅವಳು ಬಂದು ನನ್ನ ಮುಂದೆ ಕೂತು, "ಏನೂ ಅನ್ಲಿಲ್ಲ ಕಾಕಾ. ಒಂದ್ಸಲ ಉಸಿರು ಬಿಟ್ಲು" ಎಂದಳು. ಆಮೇಲೆ ಆ ಉಸಿರನ್ನು ಬಿಟ್ಟು ತೋರಿಸಿದಳು. ನಾನು ಆ ದಿನ ಅಂಗಡಿ ತೆರೆಯಲಿಲ್ಲ.

ಹುಲಿಗೆಮ್ಮನ ತೊಡಕು ಬೇರೆ. ಅವಳಿಗೆ ದಿನವೇ ಗೊತ್ತಿರಲಿಲ್ಲ. ಕೂಸು ಅವ್ವ ಅಂದದ್ದು ಯಾವ ದಿನ ಎಂದು ಬಲ್ಲವಳು ಸಂಕಮ್ಮ ಒಬ್ಬಳೇ. ಕೇಳಿದರೆ ಮೊದಲು ಹೇಳಲಿಲ್ಲ. ಚಪ್ಪಲಿಯನ್ನು ಕಟ್ಟಿಗೆ ಒಟ್ಟಿದಲ್ಲಿ ಬಚ್ಚಿಟ್ಟಳು. ಓಡುವ ಹೆಂಗಸರ ಗರ್ಭಕೋಶ ಜಾರುತ್ತದೆ ಎಂದು ಹೆದರಿಸಿದಳು. ಯಾವುದಕ್ಕೂ ಸೊಸೆ ಜಗ್ಗದಿದ್ದಾಗ ಒಂದು ದಿನ ತಾನಾಗಿಯೇ, "ಕಾರಹುಣ್ಣಿವಿ ಮರುದಿನ ಅಂದಿತ್ತವಾ, ಹೋಗಿ ಕೇಳಿಕೋ" ಎಂದಳು. ಹುಲಿಗೆಮ್ಮ ಕ್ಯಾಲೆಂಡರಿನಲ್ಲಿ ಆ ಮನೆಗೆ ಕುಂಕುಮ ಹಚ್ಚಿಟ್ಟಳು.

ಅಷ್ಟರಲ್ಲಿ ಅವಳು ಬೇರೆಯೇ ಹೆಂಗಸಾಗಿದ್ದಳು. ಮಿಲ್ಲಿನ ಮೇಸ್ತ್ರಿ ಎಲ್ಲರೆದುರು ಗದರಿಸಿದರೆ ಮೊದಲು ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿದ್ದಳಂತೆ. ಈಗ ಹತ್ತಿಯ ಬುಟ್ಟಿ ಇಳಿಸಿ, "ಮೆಲ್ಲಗ ಹೇಳ್ರಿ ಸಾಹೇಬ್ರ, ಕೇಳ್ತೈತಿ. ಜೋರಾಗಿ ಅಂದಿದ್ದು ಒಂದು ಮೈಲಿನೂ ದಾಟಂಗಿಲ್ಲ" ಎಂದಳಂತೆ. ಮಿಲ್ಲಿನ ಹೆಂಗಸರೆಲ್ಲ ಹತ್ತಿಯಲ್ಲಿ ಮುಖ ಹುದುಗಿಸಿ ನಕ್ಕರಂತೆ. ಕೂಸಿನ ಮಾತು ಇರಲಿ ಇಲ್ಲದಿರಲಿ, ಅವಳು ದಿನವೂ ಓಡುತ್ತಿದ್ದಳು. ಓಡದ ದಿನ ಅನ್ನ ಸೇರುತ್ತಿರಲಿಲ್ಲ. ಆ ಒಂದೂವರೆ ತಾಸಿನಲ್ಲಿ ಮೂರು ಜನ ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದರು.

ಕಾರಹುಣ್ಣಿಮೆಗೆ ಇನ್ನೂ ಹತ್ತು ದಿನವಿತ್ತು. ಅವತ್ತು ಮಂಗಳವಾರ. ಹಿಂದಿನ ಸಂಜೆ ಕಾಶಮ್ಮನ ಹಿಮ್ಮಡಿ ಸೀಳಿ ರಕ್ತ ಬಂದಿತ್ತು. ಅವಳ ದೊಡ್ಡ ಮಗ ಮೂರು ವರ್ಷದವನಿದ್ದಾಗ ಮೊದಲ ಸಲ ಒಂದರಿಂದ ಹತ್ತು ಎಣಿಸಿ ಆ ಮಂಗಳವಾರಕ್ಕೆ ಹನ್ನೆರಡು ವರ್ಷ. ಕಾಶಮ್ಮ ಆಗ ಎರಡನೆಯದನ್ನು ಹೆರಲು ಆಸ್ಪತ್ರೆಯಲ್ಲಿದ್ದಳು, ಕೇಳಿರಲಿಲ್ಲ. "ನಾಳೆ ನಂದು ನೀ ಕೇಳು ಹುಲಿಗಿ," ಎಂದಿದ್ದಳು. ಇವಳು ಒಪ್ಪಿದ್ದಳು.

ಬೆಳಿಗ್ಗೆ ಎದ್ದರೆ ಸಂಕಮ್ಮ ಹಾಸಿಗೆಯಲ್ಲಿ ಮುದುಡಿ ಬಿದ್ದಿದ್ದಾಳೆ. "ಹೊಟ್ಟಿ ಕಿವುಚಾಕತ್ತೈತಿ. ಇವತ್ತೊಂದಿನ ಹೋಗಬ್ಯಾಡ."

ಹುಲಿಗೆಮ್ಮ ಅಜವಾನ ಕುದಿಸಿ ಕೊಟ್ಟಳು, ಹೊಟ್ಟೆಗೆ ಬಿಸಿ ಬಟ್ಟೆ ಒತ್ತಿದಳು. ಕಡಿಮೆಯಾಯಿತೇ ಎಂದರೆ ಇಲ್ಲ. ಕಿಟಕಿಯ ಹೊರಗೆ ಬೆಳಕು ಹರಿಯುತ್ತಿತ್ತು. "ಅತ್ತಿ, ನಾ ಕಾಶಮ್ಮಗ ಮಾತು ಕೊಟ್ಟೀನಿ."

"ಮನಿ ಮಂದಿಗಿಂತ ಕಾಶಮ್ಮ ಹೆಚ್ಚೇನು?"

"ಹೆಚ್ಚಲ್ಲ. ಮಾತು ಕೊಟ್ಟೀನಿ." ಭೂಮಿಕಾಳನ್ನು ಎಬ್ಬಿಸಿ ಅಜ್ಜಿಯ ಪಕ್ಕ ಕೂರಿಸಿ ಹೊರಟಳು. ಹಿಂದಿನಿಂದ ಮುದುಕಿ, "ಹೋಗಬ್ಯಾಡವಾ, ನಿನ್ನ ಕಾಲಿಗೆ ಬೀಳ್ತೀನಿ" ಅಂದಳಂತೆ. ಸಂಕಮ್ಮ ಯಾರ ಕಾಲಿಗೂ ಬೀಳುತ್ತೇನೆಂದವಳಲ್ಲ. ಅದೇ ಹುಲಿಗೆಮ್ಮನಿಗೆ ವಿಚಿತ್ರವೆನಿಸಿತು. ಆದರೆ ಹೊತ್ತು ಮೂಡಿಬಿಟ್ಟಿತ್ತು.

ನನ್ನ ಅಂಗಡಿಯ ಮುಂದೆ ಬಂದಾಗ ಸದ್ದು ಹೊರಟು ಒಂದು ಚಹ ಕುಡಿಯುವಷ್ಟು ಹೊತ್ತಾಗಿತ್ತು. ಮಾಬೂಬಿಯ ಗುಂಪು ಕಾಣುತ್ತಿರಲಿಲ್ಲ. ಬೇವಿನ ಕೆಳಗೆ ಯಾರದೋ ಮದುವೆಯ ಬ್ಯಾಂಡು ಉದುರುತ್ತಿತ್ತು. "ತಡಾ ಆತು, ಇನ್ನ ಸಿಗಂಗಿಲ್ಲ, ಕೂಡು" ಎಂದೆ. ಅವಳು ಗುಡ್ಡದ ಕಡೆ ನೋಡಿದಳು. ದಾರಿ ಬಲಕ್ಕೆ ದೊಡ್ಡ ಸುತ್ತು ಹೊಡೆದು ನಾಲ್ಕನೇ ಮೈಲಿಗೆ ಏರುತ್ತದೆ. ನೆಟ್ಟಗೆ ಹೋದರೆ ಕಲ್ಲಿನ ಗೋಡೆ, ಮೇಕೆಗಳು ಮಾತ್ರ ಹತ್ತುವಂಥದ್ದು. ಅವಳು ನೆಟ್ಟಗೆ ಹೋದಳು. ಬಂಡೆಯ ಬುಡದಲ್ಲಿ ಚಪ್ಪಲಿ ಬಿಚ್ಚಿಟ್ಟಳು. ಅವಳ ಚಪ್ಪಲಿಯ ಬಾರು ಕಿತ್ತಿತ್ತೆಂದು ಊರಲ್ಲಿ ಕೆಲವರು ಹೇಳುತ್ತಾರೆ, ಸುಳ್ಳು, ನನ್ನ ಹೊಲಿಗೆ ಕೀಳುವುದಿಲ್ಲ. ಬರಿಗಾಲು ಬಂಡೆಯನ್ನು ಚೆನ್ನಾಗಿ ಹಿಡಿಯುತ್ತದೆಂದು ಅವಳೇ ಬಿಚ್ಚಿದ್ದು. ಕಚ್ಚೆ ಬಿಗಿದು, ಕೈಕಾಲು ನಾಲ್ಕೂ ಊರಿ ಹತ್ತುವುದು ನನಗೆ ಕಂಡಿತು. ನಾನು ಉಳಿ ಕೆಳಗಿಟ್ಟೆ. ಅರ್ಧದಲ್ಲಿ ಒಮ್ಮೆ ಜಾರಿದಳು. ಒಂದು ಕಾರೆಗಿಡ ಸಿಕ್ಕಿತು. ಮೇಲೆ ಹೋಗಿ ಮರೆಯಾದ ಮೇಲೆ ನಾನು ಮತ್ತೆ ಉಳಿ ಕೈಗೆತ್ತಿಕೊಂಡೆ.

ಮುಂದಿನದು ಅವಳು ಹೇಳಿದ್ದು. ಜಾಲಿಮುಳ್ಳಿನ ಮಧ್ಯೆ ಬರಿಗಾಲಲ್ಲಿ ಓಡಿ, ಆರನೇ ಮೈಲಿಯಲ್ಲಿ ಅವರನ್ನು ಹಿಡಿದಳು. ಮಾಬೂಬಿ ತಿರುಗಿ ನೋಡಿ ಪಕ್ಕಕ್ಕೆ ಜಾಗ ಬಿಟ್ಟಳು. ಕಾಶಮ್ಮನ ಮಗ ಎಣಿಸುತ್ತಿದ್ದ. ಏಳನ್ನು ಬಿಟ್ಟು ಎಂಟಕ್ಕೆ ಹಾರಿ, ಹತ್ತು ಎಂದು ತಾನೇ ಚಪ್ಪಾಳೆ ಹೊಡೆದುಕೊಂಡ. ಹುಲಿಗೆಮ್ಮ ಅದನ್ನು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡಳು, ಮರೆಯಬಾರದೆಂದು.

ಆಗ ಒಂದು ಗೆಜ್ಜೆ ಕೇಳಿತು. ಒಂದೇ ಗೆಜ್ಜೆ. ಇನ್ನೊಂದು ಕಾಲಿನದು ತೊಟ್ಟಿಲಿಗೆ ಸಿಕ್ಕಿ ಹರಿದಿತ್ತು, ಕೊಡಿಸಬೇಕು ಕೊಡಿಸಬೇಕು ಎಂದು ಅವಳು ಕೊಡಿಸಿರಲಿಲ್ಲ. ಅಂಬೆಗಾಲಿನಲ್ಲಿ ಒಂದು ಕೂಸು ಬಾಗಿಲಿನ ಕಡೆ ಹೋಗುವ ಸದ್ದು. ಕದಕ್ಕೆ ಸಣ್ಣ ಅಂಗೈ ಬಡಿದದ್ದು. ಆಮೇಲೆ, "ಅವ್ವಾ." ತಡೆದು ಮತ್ತೆ, "ಅವ್ವಾ." ಹೊರಗೆ, ದಾರಿಯ ಕಡೆಗೆ. ಆಗತಾನೇ ಮಿಲ್ಲಿಗೆ ಹೋದ ಯಾರನ್ನೋ ತಿರುಗಿ ಬಾ ಎಂದು ಕರೆದ ಹಾಗೆ.

ಹುಲಿಗೆಮ್ಮನ ಕಾಲುಗಳು ನಿಂತುಹೋದವು. ನಿಂತರೆ ಸದ್ದು ಮುಂದೆ ಹೋಗಿಬಿಡುತ್ತದೆ. ಮಾಬೂಬಿ ಒಂದು ತೋಳು ಹಿಡಿದಳು, ಹಿಂದಿದ್ದವಳೊಬ್ಬಳು ಇನ್ನೊಂದು ತೋಳು ಹಿಡಿದಳು, ಇಬ್ಬರೂ ಅವಳನ್ನು ಎಳೆದುಕೊಂಡೇ ಓಡಿದರು. ಕೂಸು ಐದು ಸಲ ಕರೆಯಿತು. ಐದನೆಯದರಲ್ಲಿ ಅಳು ಬೆರೆತಿತ್ತು. ಆಗ ಒಳಗಿನಿಂದ ಒಬ್ಬ ಹೆಂಗಸು, "ಓ" ಅಂದಳು. "ಓ, ನನ್ನ ಬಂಗಾರ. ನಾನ ನಿಮ್ಮವ್ವ. ಇಲ್ಲೇ ಅದೀನಲ್ಲ. ಅಳಬ್ಯಾಡ, ಆಕಿ ಸಂಜಿಕ ಬರ್ತಾಳ. ಅಲ್ಲೀಮಟ ನಾನ ಅವ್ವ." ಆ ಹೆಂಗಸೂ ಅಳುತ್ತಿದ್ದಳು. ಆ ದನಿ ಯಾರದೆಂದು ಹುಲಿಗೆಮ್ಮನಿಗೆ ಕೂಡಲೇ ತಿಳಿಯಲಿಲ್ಲ. ಸಂಕಮ್ಮನಿಗೆ ಅಂಥ ದನಿ ಇದೆಯೆಂದು ಅವಳಿಗೆ ಹದಿನೈದು ವರ್ಷದಲ್ಲಿ ಗೊತ್ತಾಗಿರಲಿಲ್ಲ. ಏಳನೇ ಮೈಲಿ ಮುಟ್ಟುವಷ್ಟು ಮೆಲ್ಲಗಿನ ದನಿ.

ಕೊರಕಲಿನ ಅಂಚಿಗೆ ಬಂದಿದ್ದರು. ಸದ್ದು ಬಿದ್ದುಹೋಯಿತು. ಹೆಂಗಸರು ಅಲ್ಲಿಯೇ ಕೂತರು. ಮಾಬೂಬಿ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಆಚೆಯ ಬಯಲು ನೋಡುತ್ತಿದ್ದಳು.

ಇಳಿದು ಬರುವಾಗ ಹುಲಿಗೆಮ್ಮ ಮೊದಲು ಕಾಶಮ್ಮನ ಮನೆಗೆ ಹೋದಳು. ಬಾಗಿಲಲ್ಲಿ ನಿಂತು, ಏಳನ್ನು ಬಿಟ್ಟು ಹತ್ತರವರೆಗೆ ಎಣಿಸಿ, ಚಪ್ಪಾಳೆ ಹೊಡೆದು ತೋರಿಸಿದಳು. ಆಮೇಲೆ ತನ್ನ ಮನೆಗೆ ಹೋದಳು.

ಸಂಕಮ್ಮನ ಹೊಟ್ಟೆನೋವು ಹೋಗಿತ್ತು. ಹೊಸ್ತಿಲ ಒಳಗೆ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು, ಕೈ ಮಾತ್ರ ಆಡುತ್ತಿರಲಿಲ್ಲ. ಭೂಮಿಕಾ ಕಂಬಕ್ಕೆ ಆತು ಜಡೆ ಹೆಣೆದುಕೊಳ್ಳುತ್ತಿದ್ದಳು. ಮುದುಕಿ ತಲೆಯೆತ್ತದೆ, "ಕಾಶಮ್ಮನ ಹುಡುಗಂದು ಕೇಳ್ತೇನು?" ಎಂದಳು.

"ಕೇಳ್ತು."

"ಬ್ಯಾರೆ ಏನರ?"

ಹುಲಿಗೆಮ್ಮ ಕಟ್ಟೆಯ ಮೇಲೆ ಕೂತಳು. ಅವತ್ತೇ ಆ ದಿನ ಎಂದು ಈ ಮುದುಕಿಗೆ ಗೊತ್ತಿತ್ತು, ಕಾರಹುಣ್ಣಿಮೆ ಸುಳ್ಳು, ಹೊಟ್ಟೆನೋವು ಸುಳ್ಳು, ಎಲ್ಲ ಅವಳಿಗೆ ಆಗ ಒಟ್ಟಿಗೇ ಹೊಳೆಯಿತು. "ಕೇಳ್ತು," ಎಂದಳು. "ಈಕಿ ಅವ್ವ ಅಂದಿದ್ದು ಕೇಳ್ತು."

ಹುಡುಗಿಯ ಕೈ ಜಡೆಯಲ್ಲಿ ನಿಂತಿತು. "ಯಾರಿಗೆ ಅಂದಿದ್ದೆ?" ಎಂದು ಕಂಬಕ್ಕೆ ಕೇಳಿದಳು.

ಒಂದು ಮಾತು ಸಾಕಿತ್ತು. ಒಂದು ವರ್ಷ ಓಡಿದ್ದು ಆ ಒಂದು ಮಾತಿಗೆ. ಹುಲಿಗೆಮ್ಮ ಅತ್ತೆಯ ಕೈ ನೋಡಿದಳು. ಮೊರ ವಾಲಿತ್ತು, ಬೇಳೆ ಅಂಚಿಗೆ ಸರಿಯುತ್ತಿತ್ತು.

"ಈಕಿಗೆ," ಎಂದು ಮುದುಕಿಯ ಕಡೆ ಗದ್ದ ತೋರಿಸಿದಳು. "ಈಕಿನ ಓ ಅಂದ್ಲು."

ಸಂಕಮ್ಮ ಮೊರ ಕೆಳಗಿಟ್ಟಳು. "ಸುಳ್ಳ ಹೇಳ್ತಾಳ," ಎಂದಳು ಮೊಮ್ಮಗಳಿಗೆ. ದೊಡ್ಡ ದನಿ ಬರಲಿಲ್ಲ. "ನಾ ಹಿತ್ತಲದಾಗಿದ್ದೆ. ನೀ ಕದಕ್ಕ ಕೈ ಹಚ್ಚಿ, ಆಕಿ ಹೋದ ದಾರಿ ನೋಡಿ ಕರದಿ. ಐದು ಸಲ ಕರದಿ. ನಾ ಬಂದು ಓ ಅಂದೆ, ಅಷ್ಟ. ಒಂದಿನ ಅಂತ ಅಂದೆ. ಆಮ್ಯಾಲ ಬಿಡಾಕ ಮನಸ್ಸು ಆಗ್ಲಿಲ್ಲ."

ಭೂಮಿಕಾ ಅಜ್ಜಿಯನ್ನು ನೋಡಿದಳು. ಆಮೇಲೆ ಇವಳನ್ನು ನೋಡಿದಳು, ಮುಖವನ್ನಲ್ಲ, ಕಾಲನ್ನು. ಎರಡೂ ಅಂಗಾಲು ರಕ್ತ, ಮಣ್ಣು. ಎದ್ದು ಒಳಗೆ ಹೋದಳು. ಇನ್ನು ಹೊರಗೆ ಬರುವುದಿಲ್ಲ ಎಂದು ಹುಲಿಗೆಮ್ಮ ಅಂದುಕೊಂಡಳು. ಹುಡುಗಿ ತಂಬಿಗೆ ನೀರು, ಒಂದು ಪಿನ್ನು ಹಿಡಿದು ಬಂದು ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಕಾಲನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು, ತೊಳೆದು, ಮುಳ್ಳು ಹುಡುಕತೊಡಗಿದಳು. ಜಾಲಿಮುಳ್ಳು ಮುರಿದು ಒಳಗೆ ಕೂತಿತ್ತು. ಹುಲಿಗೆಮ್ಮ ಮಗಳ ಬೈತಲೆ ನೋಡುತ್ತ, ಈಗ ಅಂದಾಳೇ, ಈಗ ಅಂದಾಳೇ ಎಂದು ಕಿವಿಗೊಟ್ಟು ಕೂತಳು. ಹುಡುಗಿ ಅನ್ನಲಿಲ್ಲ.

ಮಿಲ್ಲಿನ ಸೈರನ್ನು ಕೂಗಿತು. ಹುಲಿಗೆಮ್ಮ ಏಳಹೋದಳು.

"ಕಾಲು ಅಲ್ಲಾಡಸಬ್ಯಾಡ," ಎಂದಳು ಹುಡುಗಿ, ತಲೆಯೆತ್ತದೆ. "ಇನ್ನೂ ಮೂರು ಅದಾವು."

ಸೈರನ್ನು ಎರಡನೇ ಸಲ ಕೂಗಿ ನಿಂತಿತು. ಹುಲಿಗೆಮ್ಮ ಕಾಲು ಅಲ್ಲಾಡಿಸಲಿಲ್ಲ.